ಬೋರ್‌ವೆಲ್ ನೀರು ಹಳದಿ, ಬದಲಿಗೆ ಆರ್‌ಒ ಘಟಕ: ಆ ಪತ್ರಕ್ಕೆ ಸಹಿ ಹಾಕಬೇಕೇ?

ಪ್ರಶ್ನೆ: ಪೀಣ್ಯ ಎರಡನೇ ಹಂತದ ಹಿಂಭಾಗದಲ್ಲಿರುವ ಕಾರ್ಮಿಕರ ಕಾಲೊನಿಯೊಂದರಲ್ಲಿ ನಮ್ಮ ಮನೆ ಇದೆ. ಸುಮಾರು ನೂರೈವತ್ತು ಮನೆಗಳು, ಹೆಚ್ಚಿನವರಿಗೆ ಹಕ್ಕುಪತ್ರವಿಲ್ಲ. ಕಳೆದ ಮಳೆಗಾಲದ ನಂತರ ನಮ್ಮ ಎರಡು ಬೋರ್‌ವೆಲ್‌ಗಳಲ್ಲಿ ಒಂದರ ನೀರು ತಿಳಿಹಳದಿಯಾಗಿದೆ. ಚಂದಾ ಎತ್ತಿ ಖಾಸಗಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಹೆಕ್ಸಾವೆಲೆಂಟ್ ಕ್ರೋಮಿಯಂ ಎಂಬ ವಿಷಲೋಹ ಲೀಟರಿಗೆ 1.4 ಮಿಲಿಗ್ರಾಂ ಎಂದು ಬಂತು. ಇನ್ನೊಂದು ಬೋರ್‌ವೆಲ್ ನೀರಿಗೆ ಫಿಲ್ಟರ್ ಅಂಗಡಿಯವರು ಟಿಡಿಎಸ್ ಮೀಟರ್ ಇಟ್ಟು, 420 ಇದೆ, ಒಳ್ಳೆಯ ನೀರು ಎಂದರು. ದೂರು ಕೊಟ್ಟ ಮೇಲೆ ಒಂದು ಕಚೇರಿಯವರು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ವರದಿ ಕೈಗೆ ಬಂದಿಲ್ಲ. ಈಗ ಹತ್ತಿರದ ಕೆಲವು ಕಾರ್ಖಾನೆಯವರು ಆರ್‌ಒ ಘಟಕ ಹಾಕಿಸಿಕೊಡುತ್ತೇವೆ, ಆದರೆ ‘ಕಾಲೊನಿ ನಿವಾಸಿಗಳಿಗೆ ಕಾರ್ಖಾನೆಗಳ ಬಗ್ಗೆ ಯಾವುದೇ ತಕರಾರು ಇರುವುದಿಲ್ಲ’ ಎಂಬ ಪತ್ರಕ್ಕೆ ಎಲ್ಲರೂ ಸಹಿ ಹಾಕಬೇಕು ಎನ್ನುತ್ತಿದ್ದಾರೆ. ನಮ್ಮಲ್ಲಿ ಅರ್ಧ ಜನ ಅವೇ ಶೆಡ್‌ಗಳಲ್ಲಿ ದುಡಿಯುವವರು. ಊರಿನ ಮುಖಂಡರು, ‘ಕಾರ್ಖಾನೆ ಮೊದಲು ಬಂತು, ನೀವು ಆಮೇಲೆ ಬಂದವರು, ಹಕ್ಕುಪತ್ರವೂ ಇಲ್ಲ, ಸುಮ್ಮನಿರಿ’ ಎನ್ನುತ್ತಾರೆ. ಹುಡುಗರು, ‘ಪರಿಸರ ನ್ಯಾಯದ ಕಾನೂನು ಇದೆ, ಎಲ್ಲವನ್ನೂ ಮುಚ್ಚಿಸೋಣ, ಮನೆಗಿಷ್ಟು ಲಕ್ಷ ಪರಿಹಾರ ಬರುತ್ತದೆ’ ಎನ್ನುತ್ತಾರೆ. ಯಾರ ಮಾತು ಕೇಳಬೇಕು? (ಹೆಸರು ಬೇಡ)

ಉತ್ತರ: ಮೊದಲು ಇವತ್ತೇ ಆಗಬೇಕಾದ ಕೆಲಸ ಹೇಳಿಬಿಡುತ್ತೇನೆ. ಹಳದಿ ನೀರು ಬರುವ ಬೋರ್‌ವೆಲ್ ಅನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸುವುದನ್ನು ನಿಲ್ಲಿಸಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರುವಂತಿಲ್ಲ. ನಿಮ್ಮ ವರದಿಯಲ್ಲಿರುವುದು ಅದರ 28 ಪಟ್ಟು. ಕುದಿಸಿ ಕುಡಿದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಅಲ್ಲೇ ಇರುತ್ತದೆ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ. ಆ 420ರೊಳಗೆ ಒಂದೂವರೆ ಮಿಲಿಗ್ರಾಂ ಕ್ರೋಮಿಯಂ ಇದ್ದರೂ ಮೀಟರಿಗೆ ಅದು ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಎರಡನೇ ಬೋರ್‌ವೆಲ್ ಒಳ್ಳೆಯದು ಎನ್ನುವುದಕ್ಕೆ ಈವರೆಗೆ ಯಾವ ಆಧಾರವೂ ಇಲ್ಲ. ಬಣ್ಣವಿಲ್ಲ ಎಂಬುದೂ ಆಧಾರವಲ್ಲ. ಕಣ್ಣಿಗೆ ಹಳದಿ ಕಾಣಬೇಕಾದರೆ ಕ್ರೋಮಿಯಂ ಈ ಮಿತಿಯನ್ನು ಹಲವು ಪಟ್ಟು ಮೀರಿರಬೇಕು, ಅದಕ್ಕಿಂತ ಕಡಿಮೆ ಇದ್ದು ಮಿತಿ ಮೀರಿದ ನೀರು ನೋಡಲು ತಿಳಿಯಾಗಿಯೇ ಇರುತ್ತದೆ.

ಇನ್ನು ಸಹಿಯ ವಿಚಾರ. ನೀವು ಉಲ್ಲೇಖಿಸಿದ ಒಕ್ಕಣೆಯಲ್ಲಿ ಸಹಿ ಹಾಕಬೇಡಿ. ಘಟಕವನ್ನು ನಿರಾಕರಿಸಿ ಎಂದು ಹೇಳುತ್ತಿಲ್ಲ, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡು ಬೋರ್‌ವೆಲ್‌ಗಳ ನಡುವೆ ಇಷ್ಟು ವ್ಯತ್ಯಾಸ ಹೇಗೆ ಎಂಬುದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ನೈಸ್ ಶಿಲೆ. ನೀರು ಅದರ ಬಿರುಕುಗಳಲ್ಲಿ ಮಾತ್ರ ಹರಿಯುತ್ತದೆ. ಒಂದು ಬಿರುಕು ಹಳೆಯ ಇಂಗುಗುಂಡಿಯೊಂದರ ಕೆಳಗಿನಿಂದ ಬಂದು ನಿಮ್ಮ ಬೋರ್‌ವೆಲ್‌ಗೆ ಕೂಡಿಕೊಂಡಿದ್ದರೆ ಅಲ್ಲಿ ವಿಷ, ಇನ್ನೂರು ಅಡಿ ಆಚೆಯ ಬೋರ್‌ವೆಲ್ ಬೇರೆ ಬಿರುಕಿನ ಮೇಲಿದ್ದರೆ ಅಲ್ಲಿ ಏನೂ ಇಲ್ಲದಿರಬಹುದು. ಪೀಣ್ಯ 1970ರ ದಶಕದಲ್ಲಿ ರೂಪುಗೊಂಡ ಕೈಗಾರಿಕಾ ಪ್ರದೇಶ. ಅಲ್ಲಿ ಲೋಹದ ಮೇಲೆ ಕ್ರೋಮ್ ಲೇಪಿಸುವ ಸಣ್ಣ ಪ್ಲೇಟಿಂಗ್ ಶೆಡ್‌ಗಳಲ್ಲಿ ತೊಳೆದ ನೀರು ವರ್ಷಗಟ್ಟಲೆ ಮಣ್ಣಿಗೆ ಇಳಿದಿದ್ದರೆ, ಇಂದು ಆ ಶೆಡ್ ಇಲ್ಲದಿದ್ದರೂ ಮಣ್ಣಿನಲ್ಲಿ ಉಳಿದದ್ದು ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ. ಮಳೆಗಾಲದ ನಂತರ ಬಣ್ಣ ಕಂಡಿತು ಎಂಬ ನಿಮ್ಮ ಮಾತು ಇದಕ್ಕೆ ಹೊಂದುತ್ತದೆ. ಇದರಿಂದ ಎರಡು ಕಷ್ಟಗಳು ಹುಟ್ಟುತ್ತವೆ. ಪಕ್ಕದ ಕಾರ್ಖಾನೆಯೇ ಕಾರಣ ಎಂದು ಬರಿಗಣ್ಣಿನಿಂದ ಹೇಳಲಾಗದು; ಮತ್ತು ಇವತ್ತು ಎಲ್ಲ ಶೆಡ್‌ಗಳಿಗೂ ಬೀಗ ಹಾಕಿದರೂ ನಾಳೆಯೇ ನೀರು ತಿಳಿಯಾಗದು.

ಈಗ ‘ಪರಿಸರ ನ್ಯಾಯದ ಕಾನೂನು’. ಆ ಹೆಸರಿನ ಕಾಯ್ದೆ ನಮ್ಮಲ್ಲಿ ಇಲ್ಲ, ಆದರೆ ಅದರ ತುಂಡುಗಳು ಬೇರೆ ಬೇರೆ ಕಡೆ ಇವೆ. ಮಾಲಿನ್ಯವಿಲ್ಲದ ನೀರು ಮತ್ತು ಗಾಳಿ ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ, ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಸೆಕ್ಷನ್, ಕೆಡಿಸಿದವರೇ ತೆರಬೇಕು ಎಂಬ ತತ್ವವನ್ನು ಪಾಲಿಸಲು ನ್ಯಾಯಮಂಡಳಿಯನ್ನು ಕಡ್ಡಾಯವಾಗಿ ಕಟ್ಟಿಹಾಕುತ್ತದೆ. 1974ರ ಜಲ ಕಾಯ್ದೆ ಅಂತರ್ಜಲಕ್ಕೂ ಅನ್ವಯಿಸುತ್ತದೆ. ಇವುಗಳಲ್ಲಿ ಎಲ್ಲಿಯೂ ಹಕ್ಕುಪತ್ರ ಇದ್ದವರಿಗೆ ಮಾತ್ರ ಎಂಬ ಷರತ್ತಿಲ್ಲ. ಯಾರು ಮೊದಲು ಬಂದರು ಎಂದೂ ಕೇಳುವುದಿಲ್ಲ. ವಿಷವಸ್ತುವನ್ನು ಬಾವಿಗೋ ಭೂಮಿಗೋ ಬಿಡುವುದನ್ನು ಜಲ ಕಾಯ್ದೆಯ 24ನೇ ಸೆಕ್ಷನ್ ನಿಷೇಧಿಸುವಾಗ ಪಕ್ಕದಲ್ಲಿ ಮನೆ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಮುಖಂಡರ ಮಾತಿಗೆ ಇಷ್ಟು ಉತ್ತರ ಸಾಕು. ಹಕ್ಕುಪತ್ರ ಬೇಕಾಗುವುದು ಮನೆ ಉಳಿಸಿಕೊಳ್ಳುವುದಕ್ಕೆ; ಅದು ಬೇರೆಯೇ ಹೋರಾಟ, ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಬೇಡಿ.

ಕಾನೂನು ಇಷ್ಟೆಲ್ಲ ಇದ್ದೂ ನಿಮ್ಮಂಥ ಕಾಲೊನಿಗಳಿಗೆ ಅದು ತಲುಪುವುದಿಲ್ಲವೇಕೆ? ಕೈಗಾರಿಕೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರ ಎಂಬ ಅನುಮತಿಯನ್ನು ಮತ್ತು ತಪಾಸಣಾ ವರದಿಗಳನ್ನು ಓದುವುದೇ ವೃತ್ತಿಯಾಗಿರುವ ನನಗೆ ಕಾಣುವ ಕಾರಣ ಇದು: ನಮ್ಮ ವ್ಯವಸ್ಥೆ ಬಹುಮಟ್ಟಿಗೆ ದೂರು ಬಂದ ಕಡೆಗೆ ಓಡುತ್ತದೆ. ದೂರು ಬರೆಯಲು ಬಿಡುವು, ಪರೀಕ್ಷೆಗೆ ದುಡ್ಡು, ಕಚೇರಿಗೆ ನಾಲ್ಕು ಸಲ ಅಲೆಯಲು ಜನ, ಕೆಲಸ ಹೋಗುವ ಭಯವಿಲ್ಲದ ಸಹಿ, ಇವೆಲ್ಲ ಇರುವುದು ಅಪಾರ್ಟ್‌ಮೆಂಟ್ ಸಂಘಗಳಲ್ಲಿ. ಬೆಳ್ಳಂದೂರು ಕೆರೆಯ ನೊರೆ ಮತ್ತು ಬೆಂಕಿ ದೇಶದ ಸುದ್ದಿಯಾಯಿತು. ಹಸಿರು ನ್ಯಾಯಮಂಡಳಿ 2017ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ವಿಧಿಸಿ, 500 ಕೋಟಿಯನ್ನು ಆ ಕೆಲಸಕ್ಕೆಂದೇ ತೆಗೆದಿಡುವ ಎಸ್ಕ್ರೊ ಖಾತೆಗೆ ಹಾಕಲು ಆದೇಶಿಸಿತು. ಅದು ಆಗಬೇಕಾದದ್ದೇ. ಆದರೆ ನೊರೆ ಏಳದ, ಬೆಂಕಿ ಹತ್ತದ, ಬಿಂದಿಗೆಯೊಳಗೆ ಸುಮ್ಮನೆ ಹಳದಿಯಾಗುವ ನೀರಿಗೆ ಕ್ಯಾಮೆರಾ ಬರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯ ಸೂಚ್ಯಂಕದ ಅಂಕ ಕೊಟ್ಟಾಗ ಪೀಣ್ಯವೂ ಆ ಪಟ್ಟಿಯಲ್ಲಿತ್ತು. ಆ ಅಂಕ ಇಡೀ ಪ್ರದೇಶಕ್ಕೆ ಒಂದೇ. ಯಾವ ಬೀದಿಯ ನೀರು ಕೆಟ್ಟಿದೆ, ಅಲ್ಲಿ ಯಾರಿದ್ದಾರೆ, ಅವರಿಗೆ ಬೇರೆ ನೀರು ಕೊಳ್ಳುವ ಶಕ್ತಿ ಇದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಮಾಲಿನ್ಯದ ಹೊರೆ ದುರ್ಬಲರ ಮೇಲೇ ಬೀಳಬಾರದು ಎಂಬ ಪರಿಸರ ನ್ಯಾಯದ ಚಿಂತನೆ ಬಲ ಪಡೆದದ್ದು ಅಮೆರಿಕದಲ್ಲಿ. 1982ರಲ್ಲಿ ನಾರ್ತ್ ಕೆರೊಲಿನಾದ ವಾರನ್ ಕೌಂಟಿಯ ಕಪ್ಪು ಜನರು, ತಮ್ಮೂರಿನಲ್ಲಿ ಪಿಸಿಬಿ ಎಂಬ ವಿಷತ್ಯಾಜ್ಯ ಹೂಳುವುದರ ವಿರುದ್ಧ ರಸ್ತೆಯಲ್ಲಿ ಮಲಗಿ ಲಾರಿಗಳನ್ನು ತಡೆದರು. ಅಧ್ಯಕ್ಷರ ಆದೇಶವಾಗಿ ಅಲ್ಲಿ ಪರಿಸರ ನ್ಯಾಯ ನೀತಿ ಬಂದದ್ದು 1994ರಲ್ಲಿ. ಇನ್ನೊಬ್ಬ ಅಧ್ಯಕ್ಷರು 2025ರ ಜನವರಿಯಲ್ಲಿ ಅದನ್ನು ರದ್ದುಪಡಿಸಿದರು. ಕ್ಯಾಲಿಫೋರ್ನಿಯಾದ ಶಾಸನಸಭೆ ಮಾತ್ರ 2012ರಲ್ಲೇ ಕಾಯ್ದೆ ಮಾಡಿ, ಇಂಗಾಲ ಹರಾಜಿನಿಂದ ಬರುವ ಹಣದಲ್ಲಿ ಕಾಲುಭಾಗ ಹೆಚ್ಚು ಹೊರೆ ಹೊತ್ತ ಬಡಾವಣೆಗಳಿಗೆ ಅನುಕೂಲವಾಗಬೇಕು ಎಂದು ಬರೆದಿಟ್ಟಿತು, ಮಾಲಿನ್ಯ ಮತ್ತು ಬಡತನ ಎರಡನ್ನೂ ಒಟ್ಟಿಗೆ ತೋರಿಸುವ ನಕ್ಷೆಯನ್ನು ಅಲ್ಲಿನ ಸರ್ಕಾರಿ ಪರಿಸರ ಸಂಸ್ಥೆ ಸಿದ್ಧಪಡಿಸಿತು. ಅಂಥ ನಕ್ಷೆ ಬೆಂಗಳೂರಿಗೆ ಬರುವವರೆಗೆ ನಿಮ್ಮ ಬೀದಿಯ ನಕ್ಷೆಯನ್ನು ನೀವೇ ದಾಖಲೆಯಲ್ಲಿ ಮೂಡಿಸಬೇಕು. ಇದು ಅನ್ಯಾಯವೇ, ಆದರೆ ಈಗಿರುವ ದಾರಿ ಇದು.

ಹುಡುಗರ ಪ್ರಸ್ತಾವದಲ್ಲಿ ಎರಡು ಭಾಗಗಳಿವೆ, ಮುಚ್ಚಿಸುವುದು ಮತ್ತು ಪರಿಹಾರ. ಜಲ ಕಾಯ್ದೆಯ 33ಎ ಸೆಕ್ಷನ್ ಅಡಿ ಮಾಲಿನ್ಯ ನಿಯಂತ್ರಣ ಮಂಡಳಿ ಘಟಕವನ್ನು ಮುಚ್ಚಲು, ಕರೆಂಟು ಕಡಿಯಲು ಆದೇಶಿಸಬಹುದು. ಆದರೆ ಮುಚ್ಚುವುದೇ ಗುರಿಯಾದರೆ ಏನಾಗುತ್ತದೆ ಎಂಬುದನ್ನು ಈ ಊರು ಕಸದ ವಿಷಯದಲ್ಲಿ ನೋಡಿದೆ. ಮಾವಳ್ಳಿಪುರದ ಜನರ ಹೋರಾಟದಿಂದ 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು, ಹೊರೆ ಮಂಡೂರಿನ ಮೇಲೆ ಬಿತ್ತು; ಮಂಡೂರಿನವರು ತಡೆದು 2014ರ ಕೊನೆಗೆ ಅಲ್ಲೂ ನಿಂತಾಗ ಲಾರಿಗಳು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಡೆಯ ಕಲ್ಲುಕ್ವಾರಿಗಳತ್ತ ತಿರುಗಿದವು. ಪ್ಲೇಟಿಂಗ್ ಶೆಡ್‌ಗೆ ಕಸದ ಗುಡ್ಡದಷ್ಟೂ ಭಾರವಿಲ್ಲ, ನಾಲ್ಕು ತೊಟ್ಟಿಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಬೋರ್ಡೇ ಇಲ್ಲದ ಇನ್ನೊಂದು ಗಲ್ಲಿ ಸೇರಿಕೊಳ್ಳುತ್ತದೆ. ನಿಮ್ಮವರ ಕೆಲಸವೂ ಹೋಗುತ್ತದೆ, ಬೇರೆ ಕಾಲೊನಿಯ ನೀರೂ ಕೆಡುತ್ತದೆ, ನಿಮ್ಮ ನೆಲದೊಳಗಿನ ಕ್ರೋಮಿಯಂಗೆ ವಾರಸುದಾರರೂ ಇಲ್ಲವಾಗುತ್ತಾರೆ. ರಾತ್ರಿ ಗುಟ್ಟಾಗಿ ಬಿಡುವುದು ಸಿಕ್ಕಿಬಿದ್ದರೆ ಮುಚ್ಚಲೇಬೇಕು. ಉಳಿದಂತೆ, ಸಂಸ್ಕರಿಸುವಂತೆ ಮಾಡಿ ನಡೆಸುವುದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಆ ತಂತ್ರಜ್ಞಾನ ಹೊಸದೇನಲ್ಲ: ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಹೆಕ್ಸಾವೆಲೆಂಟ್ ರೂಪವನ್ನು ಕಡಿಮೆ ವಿಷದ ಟ್ರೈವೆಲೆಂಟ್ ರೂಪಕ್ಕೆ ಇಳಿಸಿ, ಸುಣ್ಣ ಹಾಕಿ ಕೆಸರಾಗಿ ತಳಕ್ಕೆ ಕೂರಿಸುವುದು.

ಆ ಕೆಸರಿನಲ್ಲೇ ನಿಮಗೆ ಬೇಕಾದ ಸುಳಿವೂ ಇದೆ. ಅದು ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳ ಪ್ರಕಾರ ಅದನ್ನು ಸಾಗಿಸುವಾಗ ಪ್ರತಿ ಲೋಡಿಗೂ ಮ್ಯಾನಿಫೆಸ್ಟ್ ಎಂಬ ರವಾನೆ ಪತ್ರ ಇರಬೇಕು, ನಮ್ಮಲ್ಲಿ ಅದು ದಾಬಸ್‌ಪೇಟೆಯ ವಿಲೇವಾರಿ ತಾಣದಂಥ ಅಧಿಕೃತ ಜಾಗಕ್ಕೇ ಹೋಗಬೇಕು, ಮತ್ತು ವರ್ಷಕ್ಕೊಮ್ಮೆ, ಜೂನ್ 30ರೊಳಗೆ, ನಮೂನೆ 4ರಲ್ಲಿ ಲೆಕ್ಕ ಕೊಡಬೇಕು. ವರ್ಷಪೂರ್ತಿ ಕ್ರೋಮ್ ಪ್ಲೇಟಿಂಗ್ ಮಾಡಿದ ಘಟಕದ ಲೆಕ್ಕದಲ್ಲಿ ಕೆಸರು ಸೊನ್ನೆ ಅಥವಾ ನಾಮಕಾವಸ್ತೆ ಎಂದಿದ್ದರೆ, ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳುವುದಕ್ಕೆ ವಿಜ್ಞಾನಿಯೇ ಆಗಬೇಕಿಲ್ಲ. ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಸಮ್ಮತಿ ಪತ್ರದ ಷರತ್ತುಗಳು, ನಮೂನೆ 4 ಮತ್ತು ನಿಮ್ಮಲ್ಲಿಂದ ತೆಗೆದುಕೊಂಡು ಹೋದ ಬಾಟಲಿಯ ವರದಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಎಂಬ ನಿಯಮ ಇರುವುದರಿಂದ ಇವುಗಳನ್ನು ಬೇರೆ ಬೇರೆ ಅರ್ಜಿಗಳಾಗಿ ಹಾಕಿ, ಇಲ್ಲವಾದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಇನ್ನೊಂದು ದಾರಿಯೂ ಇದೆ, ಅದನ್ನು ಬಳಸುವವರು ಅಪರೂಪ. ಜಲ ಕಾಯ್ದೆಯ 25(6)ರ ಪ್ರಕಾರ ಮಂಡಳಿ ಸಮ್ಮತಿ ಷರತ್ತುಗಳ ರಿಜಿಸ್ಟರ್ ಇಡಬೇಕು, ವಿಸರ್ಜನೆಯಿಂದ ಬಾಧಿತರಾದವರು ಅದನ್ನು ಕಚೇರಿ ವೇಳೆಯಲ್ಲಿ ನೋಡಬಹುದು.

ಪರಿಹಾರದ ವಿಷಯದಲ್ಲಿ ಗೊಂದಲ ದೊಡ್ಡದು. ಪತ್ರಿಕೆಗಳಲ್ಲಿ ‘ಕಾರ್ಖಾನೆಗೆ ಇಷ್ಟು ಲಕ್ಷ ಪರಿಸರ ಪರಿಹಾರ’ ಎಂದು ಓದುತ್ತೇವಲ್ಲ, ಆ ಹಣ ನೊಂದವರ ಖಾತೆಗೆ ಬರುವುದಿಲ್ಲ. ಅದು ಪರಿಸರದ ಹಾನಿ ಸರಿಪಡಿಸುವುದಕ್ಕೆಂದು ಮಂಡಳಿಗಳು ವಸೂಲು ಮಾಡುವ ಮೊತ್ತ. ಕೇಂದ್ರ ಮಂಡಳಿಯ ಸೂತ್ರದಲ್ಲಿ ಘಟಕದ ವರ್ಗ, ಉಲ್ಲಂಘನೆಯ ದಿನಗಳು, ಘಟಕದ ಗಾತ್ರ, ಊರಿನ ಜನಸಂಖ್ಯೆ ಇವೆಲ್ಲ ಬರುತ್ತವೆ, ನೀರು ಕಳೆದುಕೊಂಡ ಮನೆಗಳ ಸಂಖ್ಯೆ ಬರುವುದಿಲ್ಲ. ಮಂಡಳಿಗಳಿಗೆ ಇಂಥ ಮೊತ್ತ ವಿಧಿಸುವ ಅಧಿಕಾರವಿದೆ, ಆದರೆ ಅದಕ್ಕೆ ನಿಯಮ ರೂಪಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಆ ನಿಯಮಗಳಲ್ಲಿ ಬಾಧಿತ ಮನೆಗಳಿಗೆ ನೀರು ಒದಗಿಸುವ ಖರ್ಚು ಮೊದಲ ಸಾಲಿನಲ್ಲಿ ಬರಬೇಕು ಎಂಬುದು ನನ್ನ ಅಭಿಪ್ರಾಯ. ವ್ಯಕ್ತಿಗಳಿಗೆ ಪರಿಹಾರ ಬೇಕಾದರೆ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಸೆಕ್ಷನ್ ಅಡಿ ಪ್ರತ್ಯೇಕ ಅರ್ಜಿ ಹಾಕಬೇಕು, ಯಾರಿಂದ ಹಾನಿಯಾಯಿತು ಎಂಬುದನ್ನು ತೋರಿಸಬೇಕು. ಎಷ್ಟು ಕಾಲ ಹಿಡಿಯಬಹುದು ಎಂಬುದಕ್ಕೆ ರಾಜಸ್ಥಾನದ ಬಿಛಡಿ ಗ್ರಾಮದ ಪ್ರಕರಣ ನೋಡಿ: ರಾಸಾಯನಿಕ ಕಾರ್ಖಾನೆಗಳಿಂದ ಅಲ್ಲಿನ ಬಾವಿಗಳ ನೀರು ಕೆಟ್ಟದ್ದಕ್ಕೆ ಕಾರ್ಖಾನೆಯವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು, ನಿಗದಿಯಾದ ಸುಮಾರು 37 ಕೋಟಿ ರೂಪಾಯಿ ಕಟ್ಟದೆ ಅವರು ಎಳೆದಾಡಿದ್ದರಿಂದ 2011ರಲ್ಲಿ ಚಕ್ರಬಡ್ಡಿ ಸಮೇತ ಕಟ್ಟಿ ಎಂದು ಮತ್ತೆ ಆದೇಶಿಸಬೇಕಾಯಿತು. ಅಷ್ಟು ವರ್ಷ ನೀರಿಲ್ಲದೆ ಕಾಯಲಾಗುವುದಿಲ್ಲ. ಆದ್ದರಿಂದ ಮೊದಲು ನೀರು, ಆಮೇಲೆ ಮೂಲ ಪತ್ತೆ, ಆಮೇಲೆ ಪರಿಹಾರ ಎಂಬ ಕ್ರಮವನ್ನು ನಾನು ಹೇಳುತ್ತೇನೆ.

ನೀರಿಗೆ ಜಲಮಂಡಳಿಗೆ ಬರೆಯಿರಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಮನೆ ಮನೆಗೆ ಸಂಪರ್ಕ ಸಿಗದಿದ್ದರೆ ಬೀದಿಗೊಂದು ಸಾರ್ವಜನಿಕ ನಲ್ಲಿಯನ್ನೂ ಅದು ಬರುವವರೆಗೆ ಟ್ಯಾಂಕರನ್ನೂ ಕೇಳಿ, ಅರ್ಜಿಗೆ ಪ್ರಯೋಗಾಲಯದ ವರದಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆರ್‌ಒ ಘಟಕವನ್ನು ಮಧ್ಯಂತರ ವ್ಯವಸ್ಥೆ ಎಂದು ಒಪ್ಪಿಕೊಳ್ಳಬಹುದು, ಆದರೆ ಎರಡು ಸಂಗತಿ ನೋಡಬೇಕು. ಘಟಕದೊಳಗೆ ನೀರು ಸೋಸುವ ಪೊರೆ ಒಳ್ಳೆಯದಿದ್ದು ನೂರಕ್ಕೆ ತೊಂಬತ್ತೈದು ಭಾಗ ಕ್ರೋಮಿಯಂ ತೆಗೆದರೂ 1.4ರಲ್ಲಿ 0.07 ಉಳಿಯುತ್ತದೆ, ಅಂದರೆ ಮಿತಿಗಿಂತ ಇನ್ನೂ ಹೆಚ್ಚು. ಕೆಟ್ಟ ಬೋರ್‌ವೆಲ್‌ಗೇ ಘಟಕ ಜೋಡಿಸುವುದು ಬೇಡ ಎನ್ನುವುದಕ್ಕೆ ಈ ಲೆಕ್ಕವೇ ಸಾಕು. ಅದಲ್ಲದೆ, ಘಟಕ ಹೊರಹಾಕುವ ನೀರಿನಲ್ಲಿ ಕ್ರೋಮಿಯಂ ಮತ್ತಷ್ಟು ಸಾಂದ್ರವಾಗಿರುತ್ತದೆ, ಅದನ್ನು ಚರಂಡಿಗೆ ಬಿಟ್ಟರೆ ನೀವೇ ರಾಜಕಾಲುವೆಗೆ ವಿಷ ಬಿಟ್ಟಂತೆ. ಪತ್ರ ಬೇಕೇ ಬೇಕು ಎಂದರೆ ‘ಘಟಕವನ್ನು ಸ್ವೀಕರಿಸಿದ್ದೇವೆ; ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮತ್ತು ನಿರ್ವಹಣೆ ದಾನಿಗಳ ಹೊಣೆ; ಇದರಿಂದ ನಿವಾಸಿಗಳ ಯಾವುದೇ ಕಾನೂನುಬದ್ಧ ಹಕ್ಕಿಗೆ ಬಾಧೆಯಿಲ್ಲ’ ಎಂದು ಬರೆದು ಕೊಡಿ. ಒಳ್ಳೆಯ ಮನಸ್ಸಿನಿಂದ ಕೊಡುವವರು ಇದನ್ನು ಒಪ್ಪುತ್ತಾರೆ. ಒಪ್ಪದವರು, ನೀವು ಹಳೆಯ ಒಕ್ಕಣೆಗೆ ಸಹಿ ಹಾಕಿದರೆ, ಆ ಪತ್ರವನ್ನು ಮುಂದೆ ಮಾಲಿನ್ಯ ನಿಯಂತ್ರಣ ಮಂಡಳಿಯ ಎದುರು ನಿಮ್ಮ ವಿರುದ್ಧವೇ ಹಾಜರುಪಡಿಸುತ್ತಾರೆ.

ಮೂಲ ಪತ್ತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಜಂಟಿ ಪರಿಶೀಲನೆ ಕೇಳಿ. ನೀವು ಮಾಡಿಸಿದ ಪರೀಕ್ಷೆ ದೂರಿಗೆ ಬಲ ಕೊಡುತ್ತದೆ, ಕಾರ್ಖಾನೆಯ ವಿಸರ್ಜನೆಯನ್ನು ಸಾಬೀತುಪಡಿಸಲು ಮಾತ್ರ ಸಾಲದು. ಅದಕ್ಕೆ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿ ಘಟಕದವರಿಗೆ ಅಲ್ಲೇ ನೋಟಿಸ್ ಕೊಟ್ಟು, ಅವರ ಎದುರು ಮಾದರಿ ತೆಗೆದು, ಎರಡು ಭಾಗ ಮಾಡಿ, ಮೊಹರು ಹಾಕಿ ಸಹಿ ಪಡೆದು ಕಳುಹಿಸಬೇಕು. ಈ ವಿಧಾನ ತಪ್ಪಿದ ಒಂದೇ ಕಾರಣಕ್ಕೆ ಬಿದ್ದುಹೋದ ಪ್ರಕರಣಗಳಿವೆ. ನಿಮ್ಮ ಬೋರ್‌ವೆಲ್ ಮಾದರಿಯಲ್ಲೂ ಒಂದು ಸೂಕ್ಷ್ಮವಿದೆ: ಸಾಮಾನ್ಯವಾಗಿ ಲೋಹಗಳ ಪರೀಕ್ಷೆಗೆ ಬಾಟಲಿಗೆ ನೈಟ್ರಿಕ್ ಆಮ್ಲ ಹಾಕಿಡುತ್ತಾರೆ, ಆದರೆ ಹೆಕ್ಸಾವೆಲೆಂಟ್ ಕ್ರೋಮಿಯಂಗೆ ಹಾಗೆ ಮಾಡಿದರೆ ಅದು ಬಾಟಲಿಯೊಳಗೇ ಟ್ರೈವೆಲೆಂಟ್ ರೂಪಕ್ಕೆ ತಿರುಗಿ ವರದಿಯಲ್ಲಿ ಕಡಿಮೆ ಬರಬಹುದು. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಆಮ್ಲವಿಲ್ಲದ ಶುದ್ಧ ಬಾಟಲಿಯಲ್ಲಿ ತುಂಬಿ, ಐಸ್ ಡಬ್ಬದಲ್ಲಿಟ್ಟು, 24 ಗಂಟೆಯೊಳಗೆ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಸಂಸ್ಥೆ) ಮಾನ್ಯತೆಯ ಪ್ರಯೋಗಾಲಯಕ್ಕೆ ಮುಟ್ಟಿಸಿ. ಒಟ್ಟು ಕ್ರೋಮಿಯಂಗೆ ಇನ್ನೊಂದು ಬಾಟಲಿ ಬೇರೆ. ಎರಡೂ ಬೋರ್‌ವೆಲ್‌ಗಳಿಂದ, ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ.

ಕೆಲಸದ ಭಯ ನಿಜ, ಅದನ್ನು ಹಗುರವಾಗಿ ಕಾಣಬೇಡಿ. ದೂರಿಗೆ ಶೆಡ್‌ನಲ್ಲಿ ದುಡಿಯುವವರ ಸಹಿಯೇ ಬೇಕೆಂದಿಲ್ಲ; ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ನಿವೃತ್ತರು, ಬೇರೆ ಕಡೆ ಕೆಲಸ ಮಾಡುವವರು ಹಾಕಲಿ. ಆದರೆ ಪ್ಲೇಟಿಂಗ್ ತೊಟ್ಟಿಯ ಪಕ್ಕ ನಿಲ್ಲುವವರ ಆರೋಗ್ಯವೂ ಇದೇ ವಿಷಯಕ್ಕೆ ಸೇರಿದ್ದು. ಮೂಗಿನೊಳಗೆ ಮಾಯದ ಹುಣ್ಣು, ಕೈಬೆರಳುಗಳ ಸಂದಿನಲ್ಲಿ ಗುಂಡಿಬಿದ್ದ ಗಾಯ ಇದ್ದವರು ಇಎಸ್‌ಐ ವೈದ್ಯರಿಗೆ ತಾವು ಮಾಡುವ ಕೆಲಸ ಏನೆಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕ್ರೋಮ್ ಹುಣ್ಣು ಕಾನೂನು ಗುರುತಿಸಿರುವ ವೃತ್ತಿಜನ್ಯ ಕಾಯಿಲೆ. ಹಾಗೆಂದು ಕಾಲೊನಿಯ ಪ್ರತಿಯೊಂದು ಕಾಯಿಲೆಯನ್ನೂ ನೀರಿನ ತಲೆಗೆ ಕಟ್ಟಬೇಡಿ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ಮಂಡಿನೋವು ಎಲ್ಲವನ್ನೂ ಸೇರಿಸಿದರೆ ಎದುರು ವಕೀಲರು ಅವುಗಳನ್ನೇ ಹಿಡಿದು ಇಡೀ ದೂರನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಿಸುತ್ತಾರೆ. ನೀರಿನ ಅಂಕಿಯೇ ಸಾಕಷ್ಟು ಗಟ್ಟಿಯಾಗಿದೆ.

ಕೊನೆಯದಾಗಿ ಅವಧಿ. ಹಸಿರು ನ್ಯಾಯಮಂಡಳಿಯಲ್ಲಿ 14ನೇ ಸೆಕ್ಷನ್ ಅಡಿ ಪರಿಸರ ವ್ಯಾಜ್ಯ ಬಗೆಹರಿಸಲು ಕೋರುವ ಅರ್ಜಿಗೆ ಕಾರಣ ಮೊದಲು ಉಂಟಾದ ದಿನದಿಂದ ಆರು ತಿಂಗಳು, ಪರಿಹಾರದ 15ನೇ ಸೆಕ್ಷನ್ ಅರ್ಜಿಗೆ ಐದು ವರ್ಷ ಮಿತಿ ಇದೆ. ಸಕಾರಣವಿದ್ದರೆ ಎರಡಕ್ಕೂ ಇನ್ನೂ 60 ದಿನ ಸಿಗಬಹುದು. ನಿಮ್ಮ ಎದುರಾಳಿಗಳು ಮೊದಲು ಎತ್ತುವ ಆಕ್ಷೇಪ ಇದೇ ಆಗಿರುತ್ತದೆ, ಆದ್ದರಿಂದ ಬಣ್ಣ ಕಂಡ ತಿಂಗಳು ಮತ್ತು ವರದಿಯ ದಿನಾಂಕವನ್ನು ಈಗಲೇ ಬರೆದಿಟ್ಟುಕೊಂಡು ಆ ದಿನದಿಂದ ಅವಧಿ ಎಣಿಸಿ. ನಮಗೆ ಅನ್ವಯಿಸುವ ದಕ್ಷಿಣ ವಲಯ ಪೀಠ ಚೆನ್ನೈನಲ್ಲಿದೆ, ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ. ವಕೀಲರಿಗೆ ದುಡ್ಡಿಲ್ಲ ಎಂದು ಕೈಬಿಡಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು, ಮತ್ತು ನಿಮ್ಮ ಕಾಲೊನಿಯಲ್ಲಿ ಈ ಪಟ್ಟಿಯ ಹೊರಗಿರುವವರು ಬಹಳ ಕಡಿಮೆ ಇರಬೇಕು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಪ್ರಯೋಗಾಲಯದ ವರದಿ, ಮೊದಲ ದೂರಿನ ಸ್ವೀಕೃತಿ ಪ್ರತಿ, ಮತ್ತು ಆ ಸಹಿ ಹಾಕದ ಪತ್ರ, ಈ ಮೂರನ್ನೂ ಜೊತೆಗೆ ತೆಗೆದುಕೊಂಡು ಹೋಗಿ.